ಕಟ್ಟುಹಾವು ಕಚ್ಚಿದಾಗ ಎಎಸ್‌ವಿ ಕೊಟ್ಟರೂ ವೆಂಟಿಲೇಟರ್ ಯಾಕೆ ಬೇಕಾಯಿತು?

ಹೊಲದಬದು

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತಿಗೆಗೆ ಕಳೆದ ಮಳೆಗಾಲದಲ್ಲಿ ಕಟ್ಟುಹಾವು ಕಚ್ಚಿತ್ತು. ರಾತ್ರಿ ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದರು. ಕಚ್ಚಿದ್ದೇ ಗೊತ್ತಾಗಲಿಲ್ಲ. ನಸುಕಿನಲ್ಲಿ ಹೊಟ್ಟೆನೋವು ಅಂತ ಎದ್ದರು. ಗ್ಯಾಸ್ ಇರಬೇಕು ಅಂತ ಸುಮ್ನೆ ಜೀರಿಗೆ ನೀರು ಕುಡಿಸಿದೆವು. ಸ್ವಲ್ಪ ಹೊತ್ತಿಗೆ ರೆಪ್ಪೆ ಎತ್ತೋಕೆ ಆಗ್ತಿಲ್ಲ ಅಂದರು, ಮಾತು ತೊದಲತೊಡಗಿತು. ಹಾಸಿಗೆ ಕೊಡವಿದಾಗ ಹಾವು ಸಿಕ್ಕಿತು. ಕಪ್ಪು ಮೈ, ತೆಳ್ಳನೆ ಬಿಳಿ ಪಟ್ಟೆ.

ತಾಲೂಕು ಆಸ್ಪತ್ರೆಯಲ್ಲಿ ತಡಮಾಡದೆ ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್, ಅಂದರೆ ಎಎಸ್‌ವಿ, ಹಾಕಿದರು. ಅಲ್ಲಿಂದ ಆಂಬುಲೆನ್ಸ್‌ನಲ್ಲಿ ದೊಡ್ಡಾಸ್ಪತ್ರೆಗೆ ಕಳಿಸಿದರು. ದಾರಿಯಲ್ಲೇ ಉಸಿರು ಸೋತಿತು. ವಾರಕ್ಕೂ ಜಾಸ್ತಿ ವೆಂಟಿಲೇಟರ್‌ನಲ್ಲಿದ್ದರು. ಈಗ ಪೂರ್ತಿ ಹುಷಾರಾಗಿದ್ದಾರೆ, ಹೊಲಕ್ಕೂ ಹೋಗುತ್ತಾರೆ.

ನನ್ನ ಪ್ರಶ್ನೆ ಇಷ್ಟೇ. ಅದೇ ಊರಲ್ಲಿ ನಾಗರಹಾವು ಕಚ್ಚಿದ ಒಬ್ಬರು ಮಾರನೇ ದಿನವೇ ಎದ್ದು ಕೂತು ಊಟ ಮಾಡಿದರು. ಇಬ್ಬರಿಗೂ ಕೊಟ್ಟದ್ದು ಒಂದೇ ಔಷಧಿ. ಹಾಗಾದರೆ ಅತ್ತಿಗೆಗೆ ಯಾಕೆ ಕೆಲಸ ಮಾಡಲಿಲ್ಲ? ಮನೆಯಲ್ಲಿ ಇವತ್ತಿಗೂ "ಔಷಧಿ ಡೂಪ್ಲಿಕೇಟ್ ಇತ್ತು" ಅಂತಲೇ ಮಾತಾಡುತ್ತಾರೆ. ಒಳಗೆ ನಿಜಕ್ಕೂ ಏನಾಗುತ್ತದೆ ಅಂತ ತಿಳಿದವರು ಹೇಳಿ.

ಸಾಲುಮರ

ನಮ್ಮ ಕಡೆಯೂ ಇದೇ ಕಥೆ. ಕಟ್ಟುಹಾವು ಅಂದರೆ ಐಸಿಯು ಖಚಿತ ಅನ್ನುತ್ತಾರೆ. ಯಾಕೆ ಅಂತ ಯಾರೂ ಹೇಳುವುದಿಲ್ಲ. ನಾನೂ ಕಾಯುತ್ತಿದ್ದೇನೆ.

ಪ್ರೋಟೀನ್‌ಪ್ರಿಯೆ

ನಾನು ಪ್ರೋಟೀನ್‌ಗಳ ಮೇಲೆ ಕೆಲಸ ಮಾಡುವ ಲ್ಯಾಬ್‌ನಲ್ಲಿದ್ದೇನೆ, ಡಾಕ್ಟರ್ ಅಲ್ಲ. ಚಿಕಿತ್ಸೆಯ ವಿಷಯ ಇಲ್ಲಿರುವ ಡಾಕ್ಟರ್‌ಗಳು ಹೇಳಲಿ. ಅಣುಗಳ ಮಟ್ಟದಲ್ಲಿ ಏನಾಗುತ್ತದೆ ಅನ್ನುವುದನ್ನು ನಾನು ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ.

ಹೊಲದಬದು ಅವರೇ, ಔಷಧಿ ಸರಿಯಾಗಿದ್ದರೂ ನಿಮ್ಮ ಅತ್ತಿಗೆಗೆ ಹೀಗೇ ಆಗಬಹುದಿತ್ತು. ನಾಗರಹಾವು ಮತ್ತು ಕಟ್ಟುಹಾವು ಎರಡೂ ಉಸಿರು ನಿಲ್ಲಿಸುತ್ತವೆ. ಆದರೆ ಎರಡರ ವಿಷ ಹೋಗಿ ಹಿಡಿಯುವ ಜಾಗ ಬೇರೆ ಬೇರೆ. ಎಲ್ಲ ವ್ಯತ್ಯಾಸವೂ ಅಲ್ಲಿಂದಲೇ ಬರುತ್ತದೆ.

ಹಾವಿನ ವಿಷ ಅಂದರೆ ಒಂದೇ ವಸ್ತು ಅಲ್ಲ. ಹತ್ತಾರು ಬಗೆಯ ಪ್ರೋಟೀನ್‌ಗಳು ಸೇರಿದ ದ್ರವ ಅದು. ಒಂದೊಂದು ಪ್ರೋಟೀನಿಗೂ ನಮ್ಮ ಮೈಯೊಳಗೆ ಅದರದ್ದೇ ಗುರಿ ಇರುತ್ತದೆ.

ನಾವು ಉಸಿರೆಳೆಯಬೇಕಾದರೆ ಎದೆಯ ಕೆಳಗಿನ ಸ್ನಾಯು ಸೆಳೆಯಬೇಕು. ಅದಕ್ಕೆ ನರದ ತುದಿಯಿಂದ ಅಸಿಟೈಲ್‌ಕೋಲಿನ್ ಅನ್ನುವ ಪುಟ್ಟ ಅಣು ಹೊರಬರಬೇಕು. ಎದುರಿಗೆ ಸ್ನಾಯುವಿನ ಮೇಲೆ ಅದಕ್ಕಾಗಿಯೇ ರಿಸೆಪ್ಟರ್‌ಗಳಿವೆ. ಒಂದೊಂದು ರಿಸೆಪ್ಟರ್ ಐದು ತುಂಡುಗಳು ಸುತ್ತಲೂ ನಿಂತು ಆದದ್ದು, ನಡುವೆ ದಾರಿ. ಅಸಿಟೈಲ್‌ಕೋಲಿನ್ ಕೂರಲು ಅದರಲ್ಲಿ ಎರಡು ಜಾಗ. ಎರಡೂ ತುಂಬಿದರೆ ದಾರಿ ತೆರೆಯುತ್ತದೆ, ಸೋಡಿಯಂ ಒಳನುಗ್ಗುತ್ತದೆ, ಸ್ನಾಯು ಸೆಳೆಯುತ್ತದೆ.

ನಾಗರಹಾವಿನ ವಿಷದಲ್ಲಿ "ಮೂರು ಬೆರಳಿನ ಟಾಕ್ಸಿನ್" ಅನ್ನುವ ಪ್ರೋಟೀನ್‌ಗಳಿವೆ. ತುಂಬಾ ಚಿಕ್ಕವು, 60ರಿಂದ 75 ಅಮೈನೋ ಆಮ್ಲಗಳಷ್ಟೇ. ಒಳಗೆ ನಾಲ್ಕೈದು ಗಂಧಕದ ಕೊಂಡಿಗಳು ಬಿಗಿದಿರುವುದರಿಂದ ಆಕಾರ ಕೆಡುವುದಿಲ್ಲ. ಚಿತ್ರದಲ್ಲಿ ನೋಡಿದರೆ ನಿಜಕ್ಕೂ ಮೂರು ಬೆರಳು ಚಾಚಿದ ಹಾಗೇ ಕಾಣುತ್ತದೆ. ನಡುಬೆರಳಿನ ತುದಿ ರಿಸೆಪ್ಟರ್‌ನಲ್ಲಿ ಅಸಿಟೈಲ್‌ಕೋಲಿನ್ ಕೂರುವ ಜಾಗಕ್ಕೇ ಹೋಗಿ ತೂರಿಕೊಳ್ಳುತ್ತದೆ. ಬಸ್ಸಿನಲ್ಲಿ ಯಾರೋ ಕಿಟಕಿಯಿಂದಲೇ ಸೀಟಿಗೆ ಟವೆಲ್ ಹಾಕಿದ ಹಾಗೆ. ಸೀಟಿದೆ, ಕೂರಬೇಕಾದವನೂ ಬಂದಿದ್ದಾನೆ, ಆದರೆ ಕೂರೋಕಾಗಲ್ಲ. ನರವೂ ಚೆನ್ನಾಗಿದೆ, ಸ್ನಾಯುವೂ ಚೆನ್ನಾಗಿದೆ. ನಡುವಿನ ಸುದ್ದಿ ಮಾತ್ರ ತಲುಪುತ್ತಿಲ್ಲ.

ಇಲ್ಲಿ ನಮಗೆ ಎರಡು ಅನುಕೂಲಗಳಿವೆ. ಮೊದಲನೆಯದು, ಈ ಟಾಕ್ಸಿನ್ ಜೀವಕೋಶದ ಹೊರಗಡೆಯೇ ಕೂತಿರುತ್ತದೆ. ಎರಡನೆಯದು, ಅದು ಏನನ್ನೂ ಒಡೆದು ಹಾಕಿಲ್ಲ, ಜಾಗ ಹಿಡಿದಿದೆ ಅಷ್ಟೇ. ಹಿಡಿತ ಸಡಿಲವಾದಾಗ ಎಎಸ್‌ವಿಯಲ್ಲಿರುವ ಆಂಟಿಬಾಡಿ (ವಿಷವನ್ನು ಹಿಡಿದು ಕಟ್ಟಿಹಾಕುವ ಪ್ರೋಟೀನ್) ಅದನ್ನು ಹಿಡಿದುಕೊಂಡರೆ ಮತ್ತೆ ಹೋಗಿ ಕೂರಲು ಬಿಡುವುದಿಲ್ಲ. ಜಾಗ ಖಾಲಿಯಾಗುತ್ತದೆ. ಮನುಷ್ಯ ಎದ್ದು ಕೂರುತ್ತಾನೆ.

ಕಟ್ಟುಹಾವಿನ ವಿಷದಲ್ಲೂ ಈ ಬಗೆಯವು ಇವೆ. ಆದರೆ ಅದರ ದೊಡ್ಡ ಅಪಾಯ ಬೀಟಾ-ಬಂಗಾರೋಟಾಕ್ಸಿನ್ ಅನ್ನುವ ಇನ್ನೊಂದು ಪ್ರೋಟೀನ್. ತೈವಾನಿನಲ್ಲಿ ಚಾಂಗ್ ಮತ್ತು ಲೀ ಎಂಬ ಇಬ್ಬರು 1963ರಲ್ಲಿ ಅಲ್ಲಿನ ಕಟ್ಟುಹಾವಿನ ಜಾತಿಯ ವಿಷದಿಂದ ಆಲ್ಫಾ, ಬೀಟಾ ಎರಡನ್ನೂ ಬೇರ್ಪಡಿಸಿ ತೋರಿಸಿದರು. ಆಲ್ಫಾ ಸ್ನಾಯುವಿನ ಕಡೆ ಹಿಡಿಯುತ್ತದೆ. ಬೀಟಾ ನರದ ತುದಿಯನ್ನೇ ಹಿಡಿಯುತ್ತದೆ.

ಬೀಟಾದಲ್ಲಿ ಎರಡು ಭಾಗ, ನಡುವೆ ಗಂಧಕದ ಕೊಂಡಿ. ಒಂದು ಭಾಗ ನರದ ತುದಿಯಲ್ಲಿರುವ ಪೊಟ್ಯಾಸಿಯಂ ಚಾನೆಲ್‌ಗೆ ಅಂಟಿಕೊಳ್ಳುತ್ತದೆ. ಅಂದರೆ ದಾರಿ ತೋರಿಸುವುದು ಅದರ ಕೆಲಸ. ಇನ್ನೊಂದು ಭಾಗ ಫಾಸ್ಫೋಲಿಪೇಸ್ ಎ2 ಎಂಬ ಕಿಣ್ವ. ಜೀವಕೋಶದ ಪೊರೆ ಕೊಬ್ಬಿನ ಅಣುಗಳಿಂದ ಆದದ್ದು, ಈ ಕಿಣ್ವ ಆ ಕೊಬ್ಬನ್ನೇ ಕತ್ತರಿಸುತ್ತದೆ. ಮೊದಲು ಅಸಿಟೈಲ್‌ಕೋಲಿನ್ ತುಂಬಿದ ಚೀಲಗಳು ಬರಿದಾಗುತ್ತವೆ. ಆಮೇಲೆ ನರದ ತುದಿಯೇ ಹಾಳಾಗುತ್ತದೆ.

ಒಂದು ಸಲ ಅಷ್ಟಾದ ಮೇಲೆ ಆಂಟಿಬಾಡಿ ಎಷ್ಟೇ ಬಂದರೂ ಏನು ಹಿಡಿಯಬೇಕು? ಟಾಕ್ಸಿನ್ ತನ್ನ ಕೆಲಸ ಮುಗಿಸಿದೆ. ಕತ್ತರಿಸಿದ ಪೊರೆಯನ್ನು ಹೊಲಿಯುವ ಶಕ್ತಿ ಆಂಟಿಬಾಡಿಗೆ ಇಲ್ಲ. ನರ ತನ್ನ ತುದಿಯನ್ನು ತಾನೇ ಮತ್ತೆ ಬೆಳೆಸಬೇಕು. ಅದು ಬೆಳೆಯುತ್ತದೆ, ಅದೇ ಸಮಾಧಾನ. ಆದರೆ ದಿನಗಳು ಹಿಡಿಯುತ್ತವೆ, ಕೆಲವರಲ್ಲಿ ವಾರಗಳು. ಅಷ್ಟು ದಿನ ಉಸಿರಾಡಿಸುವ ಕೆಲಸ ವೆಂಟಿಲೇಟರಿನದು.

ಸಾಲುಮರ

ತುಂಬಾ ಚೆನ್ನಾಗಿ ಹೇಳಿದ್ರಿ ಮೇಡಂ. ಆದರೆ ಹಾಗಿದ್ದರೆ ಕಟ್ಟುಹಾವಿಗೆ ಎಎಸ್‌ವಿ ಕೊಡುವುದೇ ವ್ಯರ್ಥ ಅಂತಾಯ್ತಲ್ವಾ?

ತಾಲೂಕುಡಾಕ್ಟರ್

ಖಂಡಿತ ಅಲ್ಲ. ಇದನ್ನು ಓದಿ ಯಾರೂ ಆ ತೀರ್ಮಾನಕ್ಕೆ ಬರಬಾರದು, ಅದಕ್ಕೇ ಬರೆಯುತ್ತಿದ್ದೇನೆ.

ಕಚ್ಚಿದ ಜಾಗದಿಂದ ವಿಷ ಗಂಟೆಗಟ್ಟಲೆ ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಇನ್ನೂ ನರವನ್ನು ಮುಟ್ಟದ ಟಾಕ್ಸಿನ್ ರಕ್ತದಲ್ಲಿ ಓಡಾಡುತ್ತಿರುತ್ತದೆ. ಎಎಸ್‌ವಿ ಅದನ್ನು ಹಿಡಿಯುತ್ತದೆ. ಬೇಗ ಕೊಟ್ಟಷ್ಟೂ ಉಳಿಯುವ ನರದ ತುದಿಗಳು ಜಾಸ್ತಿ. ಆಗಿಹೋದದ್ದನ್ನು ಅದು ಹಿಂದಕ್ಕೆ ತಿರುಗಿಸಲಾರದು, ಮುಂದೆ ಆಗುವುದನ್ನು ತಡೆಯುತ್ತದೆ. ಕಟ್ಟುಹಾವಿನ ರೋಗಿಗೆ ವಯಲ್ ಮೇಲೆ ವಯಲ್ ಏರಿಸುತ್ತಾ ಹೋಗುವುದರಿಂದ ಪ್ರಯೋಜನವಿಲ್ಲ ಅನ್ನುವುದೂ ಇದೇ ಕಾರಣಕ್ಕೆ. ಬೇರೆ ಕಡೆ ಕಳಿಸುವಾಗ ನಾವು "ಇನ್ನೂ ಹತ್ತು ವಯಲ್ ಕೊಡಿ ಸಾರ್" ಅಂತ ಮನೆಯವರಿಂದ ಕೇಳಿಸಿಕೊಳ್ಳುತ್ತೇವೆ. ಅವರ ಸಂಕಟ ಅರ್ಥವಾಗುತ್ತದೆ. ಆದರೆ ಆ ಹೊತ್ತಿಗೆ ಬೇಕಾದದ್ದು ಉಸಿರಿನ ಸಹಾಯ, ಇನ್ನಷ್ಟು ಔಷಧಿ ಅಲ್ಲ.

ಇನ್ನೊಂದು ವಿಷಯ ಪೋಷಕರಿಗೆ. ಮಗುವಿಗೂ ದೊಡ್ಡವರಿಗೂ ಎಎಸ್‌ವಿ ಡೋಸ್ ಒಂದೇ, ಶುರುವಿಗೆ 8ರಿಂದ 10 ವಯಲ್. "ಇಷ್ಟು ಚಿಕ್ಕ ಮಗುವಿಗೆ ಅಷ್ಟೊಂದಾ?" ಅಂತ ಹೆದರುತ್ತಾರೆ. ಉಳಿದ ಔಷಧಿಗಳನ್ನು ಮಗುವಿನ ತೂಕ ನೋಡಿ ಕೊಡುತ್ತೇವೆ, ನಿಜ. ಎಎಸ್‌ವಿ ಕೊಡುವುದು ಮಾತ್ರ ಒಳಗೆ ಬಿದ್ದ ವಿಷಕ್ಕೆ. ಹಾವು ಮಗುವನ್ನು ನೋಡಿ ಕಡಿಮೆ ವಿಷ ಬಿಡುವುದಿಲ್ಲ.

ನಾಗರಹಾವಿನ ಪಾರ್ಶ್ವವಾಯುವಿಗೆ ನಿಯೋಸ್ಟಿಗ್ಮಿನ್ ಅನ್ನುವ ಇಂಜೆಕ್ಷನ್ನೂ ಕೊಡುತ್ತೇವೆ, ಜೊತೆಗೆ ಅಟ್ರೋಪಿನ್. ಅಸಿಟೈಲ್‌ಕೋಲಿನ್ ತನ್ನ ಕೆಲಸ ಮುಗಿಸಿದ ಕೂಡಲೇ ಅದನ್ನು ಒಡೆಯುವ ಕಿಣ್ವ ಒಂದಿದೆ. ನಿಯೋಸ್ಟಿಗ್ಮಿನ್ ಆ ಕಿಣ್ವವನ್ನು ತಡೆಯುತ್ತದೆ. ಅಸಿಟೈಲ್‌ಕೋಲಿನ್ ಜಾಸ್ತಿಯಾಗುತ್ತದೆ, ಟಾಕ್ಸಿನ್ ಜೊತೆ ಜಾಗಕ್ಕೆ ಪೈಪೋಟಿ ಕೊಡುತ್ತದೆ. ಸರಿಯಾಗಿ ಕೆಲಸ ಮಾಡಿದರೆ ನಮ್ಮ ಕಣ್ಣೆದುರಿಗೇ ರೆಪ್ಪೆ ಮೇಲೇಳುತ್ತದೆ. ಕಟ್ಟುಹಾವಿನಲ್ಲಿ ಹಾಗಾಗುವುದು ಅಪರೂಪ. ನರದ ತುದಿಯೇ ಬರಿದಾಗಿರುವಾಗ ಉಳಿಸಿಕೊಳ್ಳಲು ಅಸಿಟೈಲ್‌ಕೋಲಿನ್ ಎಲ್ಲಿದೆ?

ಕೊನೆಯದಾಗಿ, ವೆಂಟಿಲೇಟರ್ ಅಂದಕೂಡಲೇ "ಇನ್ನು ಮುಗೀತು" ಅಂತ ಮನೆಗೆ ಕರೆದೊಯ್ಯಲು ಕೇಳುವವರಿದ್ದಾರೆ. ಕಟ್ಟುಹಾವಿನ ಕಡಿತದಲ್ಲಿ ದಯವಿಟ್ಟು ಹಾಗೆ ಮಾಡಬೇಡಿ. ರೋಗಿ ಕಣ್ಣು ತೆರೆಯುವುದಿಲ್ಲ, ಕೈ ಬೆರಳು ಅಲ್ಲಾಡುವುದಿಲ್ಲ, ಟಾರ್ಚ್ ಬಿಟ್ಟರೆ ಕಣ್ಣಿನ ಪಾಪೆಯೂ ಕಿರಿದಾಗದೆ ಇರಬಹುದು. ನೋಡಿದವರಿಗೆ ಮೆದುಳು ಸತ್ತ ಹಾಗೆ ಕಾಣುತ್ತದೆ. ಆದರೆ ಈ ಟಾಕ್ಸಿನ್‌ಗಳು ರಕ್ತದಿಂದ ಮೆದುಳಿನೊಳಗೆ ದಾಟುವುದಿಲ್ಲ. ಆ ಮನುಷ್ಯನಿಗೆ ಎಚ್ಚರ ಇರಬಹುದು, ಪಕ್ಕದಲ್ಲಿ ಆಡುವ ಮಾತು ಕೇಳಿಸುತ್ತಿರಬಹುದು.

ಹೊಲದಬದು

ಡಾಕ್ಟರೇ, ಇದು ನೂರಕ್ಕೆ ನೂರು ನಿಜ. ಅತ್ತಿಗೆ ಹುಷಾರಾದ ಮೇಲೆ ನಾವು ಅಲ್ಲಿ ನಿಂತು ಯಾರ್ಯಾರು ಏನೇನು ಅಂದೆವು ಅಂತ ಹೇಳಿದರು. ಮಾವನವರು ಅತ್ತದ್ದೂ ಅವರಿಗೆ ಕೇಳಿಸಿತ್ತು. ನಿಮ್ಮಿಬ್ಬರ ಬರಹವನ್ನೂ ಮನೆಯ ಗ್ರೂಪಿಗೆ ಕಳಿಸಿದ್ದೇನೆ.

ಬೇರುಬಿತ್ತು

ಒಂದು ಅನುಮಾನ. ಮುಂಗುಸಿಗೆ ನಾಗರಹಾವಿನ ವಿಷ ತಾಗುವುದಿಲ್ಲ. ಜಗಳ ಆದಮೇಲೆ ಕಾಡಿಗೆ ಹೋಗಿ ಯಾವುದೋ ಬೇರು ತಿನ್ನುತ್ತದೆ ಅಂತ ನಮ್ಮಜ್ಜ ಹೇಳುತ್ತಿದ್ದರು. ಸರ್ಪಗಂಧದ ಬೇರು ಅಂತಲೂ ಕೇಳಿದ್ದೇನೆ. ಅದನ್ನು ಯಾರೂ ಯಾಕೆ ಪರೀಕ್ಷೆ ಮಾಡಿಲ್ಲ?

ಪ್ರೋಟೀನ್‌ಪ್ರಿಯೆ

ಎರಡನ್ನೂ ಪರೀಕ್ಷೆ ಮಾಡಿದ್ದಾರೆ, ಎರಡರದ್ದೂ ಉತ್ತರ ಸೊಗಸಾಗಿದೆ.

ಮುಂಗುಸಿಯ ರಕ್ಷಣೆ ಬೇರಿನಲ್ಲಿಲ್ಲ, ಅದರ ರಿಸೆಪ್ಟರ್‌ನಲ್ಲೇ ಇದೆ. ಟಾಕ್ಸಿನ್ ಕೂರುವ ಜಾಗದಲ್ಲಿ ಅದರ ಅಮೈನೋ ಆಮ್ಲಗಳು ಕೆಲವು ಬದಲಾಗಿವೆ. ಒಂದು ಕಡೆ ಸಕ್ಕರೆಯ ಸರಪಳಿ ಅಂಟಿಕೊಂಡಿದೆ. ಟಾಕ್ಸಿನ್‌ನ ಬೆರಳು ಒಳಗೆ ತೂರಲು ಅದು ಬಿಡುವುದಿಲ್ಲ. ಅಸಿಟೈಲ್‌ಕೋಲಿನ್ ಪುಟ್ಟದಾದ್ದರಿಂದ ಆರಾಮಾಗಿ ಹೋಗಿ ಕೂರುತ್ತದೆ. ಇಸ್ರೇಲಿನ ವಿಜ್ಞಾನಿಗಳು ಇದನ್ನು 1992ರಲ್ಲಿ ತೋರಿಸಿದರು. ನಾಗರಹಾವಿನ ಸ್ವಂತ ರಿಸೆಪ್ಟರ್‌ನಲ್ಲೂ ಇಂಥದ್ದೇ ಸಕ್ಕರೆ ಇದೆ, ತನ್ನ ವಿಷ ತನಗೇ ತಾಗದ ಹಾಗೆ. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಪ್ರಾಣಿಗಳು ಒಂದೇ ಉಪಾಯಕ್ಕೆ ಬಂದಿವೆ. ನನಗಂತೂ ಇದು ಎಷ್ಟು ಸಲ ಓದಿದರೂ ಬೆರಗು.

ಅಂದಹಾಗೆ, ಮುಂಗುಸಿಗೆ ಎಲ್ಲ ಹಾವಿನ ಎಲ್ಲ ವಿಷದಿಂದಲೂ ರಕ್ಷಣೆ ಇದೆ ಅಂತಲ್ಲ. ಈ ಒಂದು ಬಗೆಯ ಟಾಕ್ಸಿನ್‌ಗೆ ಮಾತ್ರ ಈ ವಿವರಣೆ.

ಸರ್ಪಗಂಧದ ಬೇರಿನಲ್ಲಿ ರೆಸರ್ಪಿನ್ ಅನ್ನುವ ಅಣು ಇದೆ. 1952ರಲ್ಲಿ ಅದನ್ನು ಬೇರ್ಪಡಿಸಿದರು. ಅದಕ್ಕೂ ಮೊದಲೇ, 1949ರಲ್ಲಿ, ಮುಂಬಯಿಯ ಡಾಕ್ಟರ್ ರುಸ್ತುಂ ಜಾಲ್ ವಕೀಲ್ ಈ ಬೇರಿನಿಂದ ರಕ್ತದೊತ್ತಡ ಇಳಿಯುವುದನ್ನು ಬ್ರಿಟನ್ನಿನ ವೈದ್ಯ ಪತ್ರಿಕೆಯಲ್ಲಿ ಬರೆದಿದ್ದರು. ರೆಸರ್ಪಿನ್ ಹಿಡಿಯುವುದು ನರದೊಳಗೆ ನಾರ್‌ಅಡ್ರಿನಲಿನ್ ತುಂಬುವ ಪಂಪನ್ನು. ಅದಕ್ಕೇ ಬಿಪಿ ಇಳಿಯುತ್ತದೆ. ನಾಗರಹಾವಿನ ಟಾಕ್ಸಿನ್‌ಗೂ ಅದಕ್ಕೂ ಭೇಟಿಯೇ ಆಗುವುದಿಲ್ಲ. ಬೇರಿನಲ್ಲಿ ಶಕ್ತಿ ಇಲ್ಲ ಅಂತ ನಾನು ಹೇಳುತ್ತಿಲ್ಲ. ಅದರ ಶಕ್ತಿ ಬೇರೆ ಜಾಗದಲ್ಲಿ ಕೆಲಸ ಮಾಡುತ್ತದೆ. ಹಾವು ಕಚ್ಚಿದವರಿಗೆ ಅದನ್ನು ಅರೆದು ಕುಡಿಸಿದರೆ ಮೊದಲೇ ಬಿಪಿ ಇಳಿಯುವ ಸ್ಥಿತಿಯಲ್ಲಿರುವವರಿಗೆ ಇನ್ನೂ ಅಪಾಯ.

ಬೇರುಬಿತ್ತು

ಧನ್ಯವಾದ ಅಕ್ಕ. ಸಕ್ಕರೆ ಅಂಟಿರುವ ವಿಷಯ ನನಗೆ ಹೊಸದು. ಅಜ್ಜನ ಬೇರು ಬಿಪಿ ಮಾತ್ರೆಯಾದದ್ದು ಕೇಳಿ ಖುಷಿಯಾಯಿತು.

ತೀರ್ಥಹಳ್ಳಿಹುಡುಗ

ಮಲೆನಾಡಿನವನು ನಾನು. ನಮ್ಮಲ್ಲಿ ಕೊಳಕುಮಂಡಲ ಕಚ್ಚಿದರೆ ಉಸಿರಿಗಿಂತ ರಕ್ತದ್ದೇ ತೊಂದರೆ. ಒಸಡಿನಲ್ಲಿ ರಕ್ತ, ಮೂತ್ರದಲ್ಲಿ ರಕ್ತ, ಆಮೇಲೆ ಕಿಡ್ನಿ. ತೋಟದಲ್ಲಿ ಇನ್ನೊಂದು ಚಿಕ್ಕ ಜಾತಿ ಇದೆ, ತರಗೆಲೆಯ ನಡುವೆ ಸುತ್ತಿಕೊಂಡು ಮಲಗಿರುತ್ತದೆ, ಮೂಗಿನ ತುದಿ ಮೇಲಕ್ಕೆ ಎದ್ದಿರುತ್ತದೆ. ಅದು ಕಚ್ಚಿದರೆ ಎಎಸ್‌ವಿ ನಾಟುವುದೇ ಇಲ್ಲ ಅಂತ ಕೇಳಿದ್ದೇನೆ. ಹೌದಾ?

ತಾಲೂಕುಡಾಕ್ಟರ್

ನೀವು ಹೇಳುವುದು ಹಂಪ್‌ನೋಸ್ಡ್ ಪಿಟ್ ವೈಪರ್. ಹೌದು, ನಮ್ಮ ಎಎಸ್‌ವಿ ಅದಕ್ಕೆ ಕೆಲಸ ಮಾಡುವುದಿಲ್ಲ. ಕಿಡ್ನಿಗೆ ತೊಂದರೆ ಆಗಬಹುದು, ಹಾಗಾಗಿ ಆಸ್ಪತ್ರೆಯಲ್ಲಿ ನಿಗಾ ಬೇಕೇ ಬೇಕು. ಹಾವಿನ ಫೋಟೋ ದೂರದಿಂದ ಸಿಕ್ಕರೆ ತನ್ನಿ. ಹಿಡಿಯಲು, ಹೊಡೆಯಲು ಹೋಗಬೇಡಿ. ಯಾಕೆ ಕೆಲಸ ಮಾಡುವುದಿಲ್ಲ ಅನ್ನುವುದನ್ನು ಮೇಡಂ ಚೆನ್ನಾಗಿ ಹೇಳುತ್ತಾರೆ.

ಪ್ರೋಟೀನ್‌ಪ್ರಿಯೆ

ಮೊದಲು ಕೊಳಕುಮಂಡಲ. ಅದರ ವಿಷದಲ್ಲಿ ಮುಖ್ಯವಾದವು ಕತ್ತರಿಸುವ ಕಿಣ್ವಗಳು. ನಮ್ಮ ರಕ್ತ ಹೆಪ್ಪುಗಟ್ಟುವುದು ಒಂದರ ಹಿಂದೆ ಒಂದು ಪ್ರೋಟೀನ್ ಎಚ್ಚರಗೊಳ್ಳುವುದರಿಂದ. ಗಾಯ ಆದಾಗ ಮಾತ್ರ ಅದು ಶುರುವಾಗಬೇಕು. ಕೊಳಕುಮಂಡಲದ ಒಂದು ಕಿಣ್ವ ಅದರ ನಡುವಿನ ಫ್ಯಾಕ್ಟರ್ 10 ಎಂಬ ಪ್ರೋಟೀನನ್ನು ಹುಡುಕಿ, ಒಂದೇ ಒಂದು ನಿರ್ದಿಷ್ಟ ಜಾಗದಲ್ಲಿ ಕತ್ತರಿಸಿ ಎಚ್ಚರಿಸಿಬಿಡುತ್ತದೆ. ಇನ್ನೊಂದು ಕಿಣ್ವ ಫ್ಯಾಕ್ಟರ್ 5ನ್ನು ಎಚ್ಚರಿಸುತ್ತದೆ. ಗಾಯವೇ ಇಲ್ಲದ ಕಡೆಯೆಲ್ಲ ಹೆಪ್ಪುಗಟ್ಟುವ ಕೆಲಸ ನಡೆದು, ಫೈಬ್ರಿನೋಜನ್ ಅನ್ನುವ ಕಚ್ಚಾವಸ್ತು ಖಾಲಿಯಾಗುತ್ತದೆ. ಹೆಪ್ಪುಗಟ್ಟಿಸುವ ವಿಷದಿಂದಲೇ ರಕ್ತ ನಿಲ್ಲದೆ ಹರಿಯುವುದು ಹೀಗೆ.

ಇಲ್ಲೂ ಎಎಸ್‌ವಿ ಕಿಣ್ವವನ್ನು ಹಿಡಿದು ನಿಲ್ಲಿಸುತ್ತದೆ, ಅಷ್ಟೇ. ಖರ್ಚಾದ ಫೈಬ್ರಿನೋಜನ್ ಅನ್ನು ಲಿವರ್ ಮತ್ತೆ ತಯಾರಿಸಬೇಕು. ಅದಕ್ಕೇ ಡಾಕ್ಟರ್‌ಗಳು ಎಎಸ್‌ವಿ ಕೊಟ್ಟು ಆರು ಗಂಟೆ ಬಿಟ್ಟು ಮತ್ತೆ ರಕ್ತ ನೋಡುತ್ತಾರೆ.

ಈಗ ಎಎಸ್‌ವಿ ಹೇಗಾಗುತ್ತದೆ ನೋಡಿ. ಕುದುರೆಗೆ ಸ್ವಲ್ಪ ಸ್ವಲ್ಪವೇ ವಿಷ ಚುಚ್ಚುತ್ತಾ ಹೋಗುತ್ತಾರೆ. ಅದರ ರಕ್ತದಲ್ಲಿ ಆಂಟಿಬಾಡಿಗಳು ಹುಟ್ಟುತ್ತವೆ. ಅವನ್ನು ತೆಗೆದು, ಪೆಪ್ಸಿನ್ ಕಿಣ್ವದಿಂದ ಬೇಡದ ಬಾಲವನ್ನು ಕತ್ತರಿಸಿ, ಹಿಡಿಯುವ ಎರಡು ತೋಳುಗಳ ಭಾಗ ಮಾತ್ರ ಉಳಿಸಿಕೊಳ್ಳುತ್ತಾರೆ. ಫ್ರಾನ್ಸಿನ ಆಲ್ಬೆರ್ ಕಾಲ್ಮೆಟ್ 1890ರ ದಶಕದಲ್ಲಿ ಶುರುಮಾಡಿದ ದಾರಿ ಇದು. ಮೂಲದಲ್ಲಿ ಇವತ್ತಿಗೂ ಅದೇ.

ಭಾರತದಲ್ಲಿ ಕುದುರೆಗೆ ಚುಚ್ಚುವುದು ನಾಲ್ಕು ಹಾವಿನ ವಿಷ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಕುದುರೆ ಯಾವ ಪ್ರೋಟೀನ್ ನೋಡಿದೆಯೋ ಅದಕ್ಕೆ ಹೊಂದುವ ಆಂಟಿಬಾಡಿ ಮಾತ್ರ ಮಾಡುತ್ತದೆ. ನಿಮ್ಮ ತೋಟದ ಆ ಚಿಕ್ಕ ಹಾವಿನ ವಿಷವನ್ನು ಅದು ನೋಡಿಯೇ ಇಲ್ಲ. ಆಗುಂಬೆ ಕಡೆಯ ಕಾಳಿಂಗ ಸರ್ಪದ ವಿಷವೂ ಆ ನಾಲ್ಕರಲ್ಲಿಲ್ಲ.

ಇನ್ನೂ ಒಂದು ತೊಡಕಿದೆ. ಆ ನಾಲ್ಕು ಹಾವಿನ ವಿಷ ಬಹುಪಾಲು ಬರುವುದು ತಮಿಳುನಾಡಿನ ಇರುಳ ಬುಡಕಟ್ಟಿನವರ ಸಹಕಾರ ಸಂಘದಿಂದ. 1978ರಲ್ಲಿ ಶುರುವಾದ ಸಂಘ, ಚೆನ್ನೈ ಹತ್ತಿರ ವಡನೆಮ್ಮೇಲಿಯಲ್ಲಿದೆ. ಹಾವು ಹಿಡಿದು, ವಿಷ ತೆಗೆದು, ಮತ್ತೆ ಕಾಡಿಗೆ ಬಿಡುವ ಇರುಳರ ಕೈಚಳಕದಿಂದ ದೇಶದಲ್ಲಿ ಲೆಕ್ಕವಿಲ್ಲದಷ್ಟು ಜೀವ ಉಳಿದಿವೆ. ಅವರ ಹೆಸರು ಯಾರೂ ಹೇಳುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಆದರೆ ಅವರು ಹಿಡಿಯುವುದು ತಮ್ಮ ಸುತ್ತಮುತ್ತಲ ಜಿಲ್ಲೆಗಳ ಹಾವು. ಒಂದೇ ಜಾತಿಯ ಹಾವಿನ ವಿಷ ಊರಿನಿಂದ ಊರಿಗೆ ಬೇರೆಯಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗರ್ ಅವರ ತಂಡ ವರ್ಷಗಳಿಂದ ಇದನ್ನೇ ಅಳೆಯುತ್ತಿದೆ. ಒಣ ಪ್ರದೇಶದ ಕೊಳಕುಮಂಡಲದ ವಿಷದಲ್ಲಿ ಪ್ರೋಟೀನ್ ಕತ್ತರಿಸುವ ಕಿಣ್ವಗಳ ಚಟುವಟಿಕೆ ಜಾಸ್ತಿ ಎಂದು ಅವರು ಕಂಡಿದ್ದಾರೆ. ಒಂದು ಊರಿನ ವಿಷಕ್ಕೆ ಚೆನ್ನಾಗಿ ಹೊಂದುವ ಆಂಟಿಬಾಡಿ ಇನ್ನೊಂದು ಊರಿನದ್ದಕ್ಕೆ ಅಷ್ಟು ಬಿಗಿಯಾಗಿ ಹೊಂದದೆ ಇರಬಹುದು. ಆಗ ವಯಲ್ ಜಾಸ್ತಿ ಬೇಕಾಗುತ್ತದೆ.

ಪ್ರಾದೇಶಿಕ ಎಎಸ್‌ವಿ ಬೇಕು ಅನ್ನುವ ಕೂಗು ಇದರಿಂದಲೇ ಹುಟ್ಟಿದ್ದು. ನಾನು ಅದರ ಪರ. ನಮ್ಮ ಮಲೆನಾಡಿಗೆ, ನಮ್ಮ ಬಯಲುಸೀಮೆಗೆ ಹೊಂದುವ ಔಷಧಿ ಬರಲೇಬೇಕು.

ಲೆಕ್ಕಪತ್ರ

ಇಷ್ಟೆಲ್ಲ ಯಾಕೆ ಮುಖ್ಯ ಅನ್ನುವವರಿಗೆ ಒಂದು ಅಂಕಿ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿತದಿಂದ ಸತ್ತವರು ಸುಮಾರು 12 ಲಕ್ಷ ಎಂದು 2020ರಲ್ಲಿ ಬಂದ ಅಧ್ಯಯನದ ಅಂದಾಜು. ವರ್ಷಕ್ಕೆ ಸರಾಸರಿ 58,000. ಹೆಚ್ಚಿನವರು ಹಳ್ಳಿಯವರು, ರೈತರು, ಕೂಲಿಯವರು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಷ್ಟೇ ಇದನ್ನು ಕಡೆಗಣಿತ ರೋಗಗಳ ಪಟ್ಟಿಗೆ ಸೇರಿಸಿತು. ಕರ್ನಾಟಕ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗ ಎಂದು ಘೋಷಿಸಿತು. ಕೇಂದ್ರದ ಕ್ರಿಯಾ ಯೋಜನೆ ಅದರ ಮರುತಿಂಗಳು ಬಂತು, 2030ಕ್ಕೆ ಸಾವು ಅರ್ಧಕ್ಕೆ ಇಳಿಸುವ ಗುರಿ.

ಮೈಸೂರುಮಲ್ಲಿಗೆ

ಕುದುರೆ ಬಿಟ್ಟು ಬೇರೆ ದಾರಿ ಇಲ್ವಾ? ಕೋವಿಡ್‌ಗೆ ಅಷ್ಟು ಬೇಗ ಏನೇನೋ ಮಾಡಿದರಲ್ಲ.

ಪ್ರೋಟೀನ್‌ಪ್ರಿಯೆ

ಇದೆ, ಕೆಲವು ನಿಜಕ್ಕೂ ಆಸೆ ಹುಟ್ಟಿಸುವಂಥವು.

ಮೊದಲು ಕುದುರೆ ಆಂಟಿಬಾಡಿಯ ಕೊರತೆ ಏನು ಅಂತ ನೋಡಿ. ಕುದುರೆ ತನ್ನ ಬದುಕಿನಲ್ಲಿ ಕಂಡ ಎಲ್ಲ ರೋಗಾಣುಗಳಿಗೂ ಆಂಟಿಬಾಡಿ ಮಾಡಿರುತ್ತದೆ. ಹಾಗಾಗಿ ವಯಲ್‌ನಲ್ಲಿ ವಿಷವನ್ನು ಹಿಡಿಯುವಂಥವು ಒಂದು ಪಾಲು ಮಾತ್ರ. ಮೂರು ಬೆರಳಿನ ಟಾಕ್ಸಿನ್ ತೀರಾ ಚಿಕ್ಕದಾದ್ದರಿಂದ ಕುದುರೆಯ ಮೈ ಅದನ್ನು ಅಷ್ಟಾಗಿ ಗಮನಿಸುವುದೇ ಇಲ್ಲ. ಕೊಲ್ಲುವ ಟಾಕ್ಸಿನ್‌ಗೇ ಆಂಟಿಬಾಡಿ ಕಡಿಮೆ. ಗಾತ್ರದ ತೊಂದರೆಯೂ ಇದೆ. ಎಎಸ್‌ವಿ ಅಣು ಈ ಟಾಕ್ಸಿನ್‌ಗಿಂತ ಹತ್ತು ಪಟ್ಟಿಗೂ ಹೆಚ್ಚು ದೊಡ್ಡದು. ಟಾಕ್ಸಿನ್ ರಕ್ತನಾಳ ದಾಟಿ ಸ್ನಾಯುವಿಗೆ ಸರ್ರನೆ ಹೋಗುತ್ತದೆ, ಆಂಟಿಬಾಡಿ ಹಿಂದೆ ನಿಧಾನವಾಗಿ ಹೋಗಬೇಕು.

2024ರಲ್ಲಿ ಅಮೆರಿಕದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆ, ಲಿವರ್‌ಪೂಲ್‌ನ ಉಷ್ಣವಲಯ ವೈದ್ಯ ಶಾಲೆ ಮತ್ತು ನಮ್ಮ ವಿಜ್ಞಾನ ಸಂಸ್ಥೆಯ ತಂಡಗಳು ಸೇರಿ 95ಮ್ಯಾಟ್5 ಎಂಬ ಮಾನವ ಆಂಟಿಬಾಡಿಯನ್ನು ಪ್ರಕಟಿಸಿದವು. ಅದು ಟಾಕ್ಸಿನ್‌ನ ಯಾವ ಭಾಗವನ್ನು ಹಿಡಿಯುತ್ತದೆ ಗೊತ್ತಾ? ರಿಸೆಪ್ಟರ್‌ಗೆ ಹೋಗಿ ತೂರಿಕೊಳ್ಳುವ ಅದೇ ಭಾಗವನ್ನು, ಹೆಚ್ಚುಕಡಿಮೆ ರಿಸೆಪ್ಟರ್ ಹಿಡಿಯುವ ರೀತಿಯಲ್ಲೇ. ಇದರಲ್ಲಿ ಜಾಣತನ ಇದೆ. ಹಾವು ಊರೂರಿಗೆ ವಿಷ ಬದಲಿಸಬಹುದು. ಆದರೆ ನಮ್ಮ ರಿಸೆಪ್ಟರ್ ಬದಲಾಗಿಲ್ಲ. ಅದಕ್ಕೆ ಅಂಟಬೇಕಾದರೆ ಟಾಕ್ಸಿನ್ ಆ ಭಾಗವನ್ನು ಮಾತ್ರ ಹಾಗೇ ಉಳಿಸಿಕೊಳ್ಳಲೇಬೇಕು. ಅಲ್ಲಿಗೇ ಕೈ ಹಾಕಿದರೆ ಬೇರೆ ಬೇರೆ ಹಾವಿಗೂ ಒಂದೇ ಆಂಟಿಬಾಡಿ ನಾಟುತ್ತದೆ. ಇಲಿಗಳಲ್ಲಿ ಏಷ್ಯಾ, ಆಫ್ರಿಕಾದ ಹಲವು ಹಾವುಗಳ ವಿಷಕ್ಕೆ ನಾಟಿದೆ.

2025ರ ಜನವರಿಯಲ್ಲಿ ಡೇವಿಡ್ ಬೇಕರ್ ಅವರ ತಂಡ ಇನ್ನೂ ಮುಂದಕ್ಕೆ ಹೋಯಿತು. ಬೇಕರ್ 2024ರ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡವರು. ಪ್ರಕೃತಿಯಲ್ಲಿ ಇಲ್ಲವೇ ಇಲ್ಲದ ಪುಟ್ಟ ಪ್ರೋಟೀನ್‌ಗಳನ್ನು ಕಂಪ್ಯೂಟರ್‌ನಲ್ಲೇ ವಿನ್ಯಾಸ ಮಾಡಿ, ಟಾಕ್ಸಿನ್‌ನ ಬೆರಳುಗಳಿಗೆ ಅಂಟುವ ಹಾಗೆ ಮಾಡಿದರು. ಅವೂ ಇಲಿಗಳನ್ನು ಉಳಿಸಿದವು. ಚಿಕ್ಕವಾದ್ದರಿಂದ ಬೇಗ ಹರಡಬಲ್ಲವು. ಕುದುರೆ ಬೇಡ.

ತಾಲೂಕುಡಾಕ್ಟರ್

ಮೇಡಂ, ನಿಮ್ಮ ಉತ್ಸಾಹ ನನಗೂ ಇದೆ. ಆದರೆ ಓದುವವರಿಗೆ ಸ್ಪಷ್ಟವಾಗಿರಲಿ, ನೀವು ಹೇಳಿದ ಎರಡೂ ಇನ್ನೂ ಇಲಿಗಳ ಹಂತದವು. ಎರಡೂ ಮೂರು ಬೆರಳಿನ ಟಾಕ್ಸಿನ್‌ಗೆ ಮಾತ್ರ. ಮಂಡಲದ ಜಾತಿಗೆ ಅಲ್ಲ. ಕಟ್ಟುಹಾವಿನ ಬೀಟಾಕ್ಕೂ ಅಲ್ಲ.

ವಾರೆಸ್ಪ್ಲಾಡಿಬ್ ಅನ್ನುವ ಮಾತ್ರೆಯ ವಿಷಯವೂ ಗಮನಿಸಬೇಕು. ಫಾಸ್ಫೋಲಿಪೇಸ್ ಎ2 ಕಿಣ್ವದ ಕತ್ತರಿಸುವ ಜಾಗದಲ್ಲೇ ಹೋಗಿ ಕೂರುವ ಪುಟ್ಟ ಅಣು ಅದು. ಮೊದಲು ಹೃದಯದ ತೊಂದರೆಗೆ ಅಂತ ಮಾಡಿದ್ದು, ಅಲ್ಲಿ ಫಲ ಕೊಡಲಿಲ್ಲ. ಭಾರತ ಮತ್ತು ಅಮೆರಿಕದಲ್ಲಿ ಹಾವು ಕಚ್ಚಿದವರ ಮೇಲೆ ಪರೀಕ್ಷೆ ನಡೆಯಿತು. ಒಟ್ಟಾರೆ ಫಲಿತಾಂಶದಲ್ಲಿ ಸ್ಪಷ್ಟ ಲಾಭ ಕಾಣಲಿಲ್ಲ. ಬೇಗ ಕೊಟ್ಟವರಲ್ಲಿ ಸ್ವಲ್ಪ ಆಸೆ ಇದೆ. ಹಳ್ಳಿಯಲ್ಲೇ ಮಾತ್ರೆ ನುಂಗಿಸಿ ಆಮೇಲೆ ಆಂಬುಲೆನ್ಸ್ ಹತ್ತಿಸುವ ಕಾಲ ಬಂದರೆ ನನ್ನಷ್ಟು ಸಂತೋಷ ಪಡುವವರು ಯಾರೂ ಇಲ್ಲ. ಸದ್ಯಕ್ಕೆ 108ಕ್ಕೆ ಫೋನ್ ಮಾಡಿ, ಕಚ್ಚಿದ ಕೈಕಾಲು ಅಲ್ಲಾಡಿಸದೆ ಆಸ್ಪತ್ರೆಗೆ ಬನ್ನಿ. ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ.

ಮೈಸೂರುಮಲ್ಲಿಗೆ

ಸರಿ ಸರ್, ಅರ್ಥವಾಯಿತು. ಇನ್ನೊಂದು ಕೇಳಿದ್ದೆ, ಬಿಪಿ ಮಾತ್ರೆ ಹಾವಿನ ವಿಷದಿಂದ ಬಂದದ್ದು ಅಂತ. ನಮ್ಮಪ್ಪ ದಿನಾ ನುಂಗುತ್ತಾರೆ, ಹೇಳಿದರೆ ನಂಬುವುದಿಲ್ಲ.

ಪ್ರೋಟೀನ್‌ಪ್ರಿಯೆ

ಅಪ್ಪನ ಮಾತ್ರೆಯ ಹೆಸರು "ಪ್ರಿಲ್" ಅಂತ ಮುಗಿದರೆ ನಿಜ. ಬ್ರೆಜಿಲ್‌ನಲ್ಲಿ ಜರಾರಾಕ ಅನ್ನುವ ಮಂಡಲದ ಜಾತಿ ಇದೆ. ಅದು ಕಚ್ಚಿದರೆ ಬಿಪಿ ಕುಸಿಯುತ್ತದೆ. ಅದರ ವಿಷದಲ್ಲಿ ಬ್ರಾಡಿಕೈನಿನ್‌ನ (ರಕ್ತನಾಳ ಸಡಿಲಿಸುವ ನಮ್ಮ ಮೈಯ ಅಣು) ಪ್ರಭಾವ ಹೆಚ್ಚಿಸುವ ಅಂಶ ಇದೆ ಎಂದು ಸರ್ಜಿಯೊ ಫೆರೇರಾ 1965ರಲ್ಲಿ ತೋರಿಸಿದರು. ಆ ಪುಟ್ಟ ಪೆಪ್ಟೈಡ್‌ಗಳು (ಪ್ರೋಟೀನಿನ ಚಿಕ್ಕ ತುಂಡುಗಳು) ಬಿಪಿ ಏರಿಸುವ ಎಸಿಇ ಎಂಬ ಕಿಣ್ವವನ್ನು ತಡೆಯುತ್ತವೆ ಅಂತ ಆಮೇಲೆ ಗೊತ್ತಾಯಿತು. ಆ ಕಿಣ್ವದ ನಡುವೆ ಸತುವಿನ ಒಂದು ಅಯಾನು ಇದೆ. ಕುಶ್‌ಮನ್ ಮತ್ತು ಒಂಡೆಟ್ಟಿ ಅನ್ನುವವರು ವಿಷದ ಪೆಪ್ಟೈಡಿನ ತುದಿಯನ್ನು ನೋಡಿಕೊಂಡು ಪುಟ್ಟ ಅಣು ಕಟ್ಟಿದರು. ಅದರ ಒಂದು ಕೊನೆಗೆ ಗಂಧಕ ಸೇರಿಸಿದರು, ಅದು ಸತುವನ್ನು ಹಿಡಿದುಕೊಂಡಿತು. ಅದೇ ಕ್ಯಾಪ್ಟೋಪ್ರಿಲ್, 1981ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಇವತ್ತಿನ ಮಾತ್ರೆಯಲ್ಲಿ ವಿಷ ಏನೂ ಇಲ್ಲ, ಅಪ್ಪನಿಗೆ ಭಯ ಬೇಡ ಅನ್ನಿ.

ನಮ್ಮ ಗರಗಸಮಂಡಲದ್ದೂ ಒಂದು ಕೊಡುಗೆ ಇದೆ. ಅದರ ವಿಷದ ಎಕಿಸ್ಟಾಟಿನ್ ಎಂಬ ಪ್ರೋಟೀನ್ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟದ ಹಾಗೆ ಮಾಡುತ್ತದೆ. ಅದರ ಮಾದರಿಯಲ್ಲಿ ಟಿರೊಫಿಬಾನ್ ಬಂತು. ಹೃದಯಾಘಾತ ಆದವರಿಗೆ ಐಸಿಯುನಲ್ಲಿ ಕೊಡುತ್ತಾರೆ.

ಲ್ಯಾಬ್‌ಟೆಕ್ನಿಷಿಯನ್

ಕೊಳಕುಮಂಡಲದ ವಿಷವನ್ನು ನಾವು ಲ್ಯಾಬ್‌ನಲ್ಲೂ ಬಳಸುತ್ತೇವೆ. ಪದೇ ಪದೇ ಗರ್ಭಪಾತ ಆಗುವ ಹೆಣ್ಣುಮಕ್ಕಳಲ್ಲಿ ಲೂಪಸ್ ಆಂಟಿಕೊಆಗ್ಯುಲೆಂಟ್ (ರಕ್ತ ಹೆಪ್ಪುಗಟ್ಟುವ ಕ್ರಮವನ್ನು ಕೆಡಿಸುವ ಒಂದು ಬಗೆಯ ಆಂಟಿಬಾಡಿ) ಇದೆಯಾ ಅಂತ ನೋಡುವ ಪರೀಕ್ಷೆಗೆ. ಫ್ಯಾಕ್ಟರ್ 10ನ್ನು ನೇರವಾಗಿ ಎಚ್ಚರಿಸುವ ಆ ಕಿಣ್ವದ ಗುಣವೇ ಅಲ್ಲಿ ಬೇಕಾಗುವುದು.

ಪಿಎಚ್‌ಸಿಗಳಲ್ಲಿ ಕೆಲಸ ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಮಂಡಲ ಕಚ್ಚಿದಾಗ ಮಾಡುವ 20 ನಿಮಿಷದ ರಕ್ತ ಪರೀಕ್ಷೆಯ ಬಗ್ಗೆ ಹೇಳಬೇಕು. ಹೊಸದಾಗಿ ತೆಗೆದ ಸ್ವಲ್ಪ ರಕ್ತವನ್ನು ಒಣಗಿದ ಗಾಜಿನ ಟ್ಯೂಬಿಗೆ ಹಾಕಿ 20 ನಿಮಿಷ ಮುಟ್ಟದೆ ಬಿಡಬೇಕು. ಆಮೇಲೆ ಒಂದು ಸಲ ಬಾಗಿಸಿ ನೋಡಬೇಕು. ಹೆಪ್ಪಾಗದೆ ನೀರಾಗಿ ಹರಿದರೆ ಎಎಸ್‌ವಿ ಬೇಕು.

ಸಾಲುಮರ

ಗಾಜೇ ಯಾಕೆ? ಈಗ ಎಲ್ಲ ಕಡೆ ಪ್ಲಾಸ್ಟಿಕ್ ಟ್ಯೂಬೇ ಅಲ್ವಾ ಇರೋದು?

ಲ್ಯಾಬ್‌ಟೆಕ್ನಿಷಿಯನ್

ಗಾಜಿನ ಮೇಲ್ಮೈಗೆ ಋಣ ವಿದ್ಯುದಂಶ ಇದೆ. ರಕ್ತದ ಫ್ಯಾಕ್ಟರ್ 12 ಅದನ್ನು ಮುಟ್ಟಿದರೆ ಎಚ್ಚರಗೊಳ್ಳುತ್ತದೆ, ಅಲ್ಲಿಂದ ಹೆಪ್ಪುಗಟ್ಟುವ ಕೆಲಸ ಶುರು. ಪ್ಲಾಸ್ಟಿಕ್‌ನಲ್ಲಿ ಹಾಗೆ ಆಗುವುದಿಲ್ಲ. ಸೋಪಿನ ಪುಡಿಯಲ್ಲಿ ತೊಳೆದ ಗಾಜಿನಲ್ಲೂ ಸೋಪಿನ ಅಂಶ ಉಳಿದು ತಡೆಯುತ್ತದೆ. ಎರಡರಲ್ಲೂ ಚೆನ್ನಾಗಿರುವ ರಕ್ತವೇ ಹೆಪ್ಪಾಗದೆ ಉಳಿದು, ಬೇಡದವರಿಗೆ ಎಎಸ್‌ವಿ ಹೋಗುತ್ತದೆ. ಕುದುರೆ ಪ್ರೋಟೀನಿಗೆ ಅಲರ್ಜಿ ಆಗುವ ಅಪಾಯ ಸುಮ್ಮಸುಮ್ಮನೆ ತಂದುಕೊಂಡ ಹಾಗೆ. ನಾವು ಹಾವಿನ ಕೇಸಿಗೆ ಅಂತಲೇ ಹೊಸ ಗಾಜಿನ ಟ್ಯೂಬ್‌ಗಳನ್ನು ಬೇರೆ ಡಬ್ಬಿಯಲ್ಲಿ ಇಟ್ಟಿದ್ದೇವೆ. ಪಕ್ಕದಲ್ಲಿ ಹಾವು ಕಚ್ಚದ ಒಬ್ಬರ ರಕ್ತವನ್ನೂ ಇನ್ನೊಂದು ಟ್ಯೂಬಿಗೆ ಹಾಕಿ ಇಡುತ್ತೇವೆ. ಅದು ಹೆಪ್ಪಾಗದಿದ್ದರೆ ತಪ್ಪು ಟ್ಯೂಬಿನದು ಅಂತ ತಕ್ಷಣ ಗೊತ್ತಾಗುತ್ತದೆ.